ಅಳಿಯ ಹಾಕಿದ ಕ್ಯಾಪು

ಮೊಳೆಯಕ್ಕನ ಹಲ್ಲಿನ ಕ್ಯಾಪು ಮೂರನೆಯ ಸಲ ಕಳಚಿ ಬಿದ್ದದ್ದು ಬಾಳೆಹಣ್ಣು ತಿನ್ನುವಾಗ. ಅದೂ ಎಂಥ ಬಾಳೆಹಣ್ಣು! ಹಲ್ಲೇ ಬಾರದ ಕೂಸು ಕೂಡ ಚಪ್ಪರಿಸಿ ನುಂಗಬಹುದಾದಷ್ಟು ಕಳಿತದ್ದು. ಅಂಗಡಿಯಲ್ಲಿ, ಹೊಟ್ಟೆ ಬಗೆದಿಟ್ಟ ಸೋಫಾದ ಪಕ್ಕ ಸ್ಟೂಲಿನ ಮೇಲೆ ಕೂತು ಅರ್ಧ ಹಣ್ಣು ಮುಗಿಸಿದ್ದಳು, ಅಷ್ಟರಲ್ಲಿ ನಾಲಿಗೆಗೆ ಏನೋ ಗಟ್ಟಿಯಾದದ್ದು ತಾಗಿತು. ಅಂಗೈಗೆ ಉಗುಳಿ ನೋಡಿದಳು. ಅದೇ, ಅಳಿಯ ಹಾಕಿದ ಕ್ಯಾಪು. ಮೊದಲು ಎದೆ ಧಸಕ್ಕೆಂದಿತು. ಆಮೇಲೆ ಪಿತ್ತ ನೆತ್ತಿಗೇರಿತು.

ಎದೆ ಧಸಕ್ಕೆನ್ನಲು ಕಾರಣವಿತ್ತು. ಈ ಕ್ಯಾಪು ಇನ್ನೊಂದು ಸಲ ಬಿದ್ದರೆ ಅಂಗಡಿ ಮುಚ್ಚಿಬಿಡುತ್ತೇನೆ ಎಂದು ಮನೆಮಂದಿಯ ಎದುರು ಅವಳೇ ಆಡಿಬಿಟ್ಟಿದ್ದಳು.

ಮೊಳೆಯಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಹಳೆಯ ಸೋಫಾ, ಕುರ್ಚಿಗಳ ಮೆತ್ತೆ ಬಿಚ್ಚಿ, ಒಳಗಿನ ಸ್ಪ್ರಿಂಗುಗಳನ್ನು ಹೊಸದಾಗಿ ಕಟ್ಟಿ, ಮೇಲೆ ಬಟ್ಟೆ ಹೊದಿಸಿಕೊಡುವುದು ಅವಳ ಕೆಲಸ. ಈ ಕೆಲಸಕ್ಕೆ ದೇವರು ಕೊಟ್ಟ ಎರಡು ಕೈ ಸಾಲದು. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಕೊಡುವವರು ಯಾರು? ಬಾಯಿ. ಒಂದಷ್ಟು ಚಿಕ್ಕ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು ನಾಲಿಗೆಯಲ್ಲೇ ತಿರುಗಿಸಿ, ಒಂದೊಂದನ್ನೇ ತಲೆ ಮುಂದಾಗಿ ತುಟಿಗೆ ತಂದರೆ, ಸುತ್ತಿಗೆಯ ಅಯಸ್ಕಾಂತದ ಮೂತಿ ಅದನ್ನು ಎತ್ತಿಕೊಂಡು ಹೋಗಿ ಮರಕ್ಕೆ ನಾಟಿಸುತ್ತದೆ. ಅವಳ ಅಪ್ಪ ಹೀಗೆಯೇ ಮಾಡುತ್ತಿದ್ದ, ಅವನಿಂದ ಅವಳಿಗೆ ಬಂತು. ಬಾಯಿ ತುಂಬ ಮೊಳೆ ಇರುವಾಗ ಮಾತಾಡಲು ಆಗದಲ್ಲ, ಆದ್ದರಿಂದ ದಾರಿಹೋಕರು ಇವಳನ್ನು ಬಹಳ ಶಾಂತ ಹೆಂಗಸು ಎಂದುಕೊಳ್ಳುತ್ತಿದ್ದರು. ಮೊಳೆ ಮುಗಿಯುವವರೆಗೆ ಕಾದವರಿಗೆ ಗೊತ್ತಿತ್ತು ಸಂಗತಿ.

ಅಂಗಡಿಗೆ ಗೋಡೆ ಅಂಟಿಕೊಂಡ ಪಕ್ಕದ ಕೋಣೆಯಲ್ಲಿ ಅಳಿಯನ ಹಲ್ಲಿನ ಕ್ಲಿನಿಕ್ಕು. ಮಗಳು ಅಲ್ಲಿನ ಕೌಂಟರು ನೋಡಿಕೊಂಡು, ಬೇಕಾದಾಗ ಗಂಡನ ಪಕ್ಕ ನಿಂತು ಹತ್ತಿ, ಕನ್ನಡಿ ಕೊಡುತ್ತಾಳೆ. ಎರಡರ ಮೇಲಿನ ಮಹಡಿಯಲ್ಲಿ ಎಲ್ಲರ ಮನೆ: ಅಕ್ಕ, ಮಗಳು, ಅಳಿಯ, ಅಳಿಯನ ತಾಯಿ. ಅಕ್ಕ ಸುತ್ತಿಗೆ ಬೀಸಿದರೆ ಆ ಕಡೆ ಬಾಯಿ ತೆರೆದು ಮಲಗಿದವರು ಬೆಚ್ಚಿಬೀಳುತ್ತಿದ್ದರು. ಅಳಿಯ ಡ್ರಿಲ್ಲು ಶುರುಮಾಡಿದರೆ ಈ ಕಡೆ ಕುರ್ಚಿ ರಿಪೇರಿಗೆ ತಂದವರು ಸುಮ್ಮಸುಮ್ಮನೆ ಕೆನ್ನೆ ಹಿಡಿದುಕೊಳ್ಳುತ್ತಿದ್ದರು. ಇಷ್ಟು ವರ್ಷ ಹೇಗೋ ನಡೆದಿತ್ತು. ಈಗ ಅಳಿಯನ ಕ್ಲಿನಿಕ್ಕಿಗೆ ಜನ ಹೆಚ್ಚಾಗಿ ಇನ್ನೊಂದು ಕುರ್ಚಿ ಹಾಕಲು ಜಾಗ ಬೇಕಾಗಿತ್ತು. ಹಾಗೆಂದು ಅವನೇನೂ ಬಾಯಿಬಿಟ್ಟು ಕೇಳಿರಲಿಲ್ಲ. ಅವನು ಒಳ್ಳೆಯವನು. ಒಳ್ಳೆಯವರ ಕಾಟವೇ ಇದು, ಬೇಕಾದದ್ದನ್ನು ಕೇಳುವುದಿಲ್ಲ, ಕಣ್ಣಲ್ಲೇ ಅಳೆಯುತ್ತಾರೆ. ಅಂಗಡಿಗೆ ಕಾಲಿಟ್ಟಾಗಲೆಲ್ಲ ಅವನ ಕಣ್ಣು ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರುವುದನ್ನು ಅಕ್ಕ ಎಷ್ಟೋ ಸಲ ನೋಡಿದ್ದಳು. ಜೀವಮಾನವೆಲ್ಲ ಬಟ್ಟೆ ಅಳೆದವಳಿಗೆ ಅಳತೆ ತೆಗೆಯುವ ಕಣ್ಣು ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ಹೊತ್ತಿನಲ್ಲೇ ಅವಳ ಹಿಂದಿನ ದವಡೆಹಲ್ಲು ಕೆಡಬೇಕೆ! ಅಳಿಯ ತುಂಬ ಅಕ್ಕರೆಯಿಂದ ಬೇರಿನ ಚಿಕಿತ್ಸೆ ಮಾಡಿ, ಮೇಲೊಂದು ಲೋಹದ ಕ್ಯಾಪು ಕೂರಿಸಿದ. ಸ್ವಲ್ಪ ದಿನಕ್ಕೇ ಅದು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಜೊತೆ ಈಚೆ ಬಂತು. ಮತ್ತೆ ಕೂರಿಸಿದ. ಎರಡನೆಯ ಸಲ ಬಿದ್ದದ್ದು ಊಟದ ಮೇಜಿನಲ್ಲಿ, ಎಲ್ಲರ ಎದುರಿಗೆ, ಸ್ಟೀಲು ತಟ್ಟೆಗೆ ಟಣ್ ಎಂದು.

"ಮತ್ತೆ ಬಿತ್ತಾ?" ಎಂದ ಅಳಿಯ. ಅನ್ನ ಕಲಸುತ್ತಿದ್ದ ಕೈ ಅಲ್ಲೇ ನಿಂತಿತು. "ಅತ್ತೆ, ತಪ್ಪು ತಿಳ್ಕೋಬೇಡಿ. ಬಾಯಲ್ಲಿ ಮೊಳೆ ಇಟ್ಕೊಂಡಿದ್ರೆ ಯಾವ ಕ್ಯಾಪೂ ನಿಲ್ಲಲ್ಲ."

"ಮೊಳೆ ಮುಂದೆ ತುಟಿ ಹತ್ರ ಇರುತ್ತೆ, ಅಳಿಯಂದಿರೇ. ಈ ಹಲ್ಲು ಹಿಂದೆ ಇದೆ."

"ಹಿಂದೆ ಮುಂದೆ ಏನು ಬಂತು, ಬೀಗಿತ್ತಿ, ಕಬ್ಬಿಣ ಕಬ್ಬಿಣವೇ," ಎಂದಳು ಅಳಿಯನ ತಾಯಿ. ಅವಳಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ, ಮೂಗೂ ಉದ್ದವೇ ಇತ್ತು. "ಈ ವಯಸ್ಸಲ್ಲಿ ಯಾಕೆ ಬೇಕು ನಿಮಗೆ? ಮೇಲೆ ಬಂದು ನನ್ನ ಜೊತೆ ಆರಾಮಾಗಿ ಟಿವಿ ನೋಡಿ. ಆ ಕೋಣೆನಾದ್ರೂ ಒಂದು ಉಪಯೋಗಕ್ಕೆ ಬರುತ್ತೆ."

ಕೋಣೆಯ ಮಾತು ಬಂದದ್ದೇ ತಡ, ಅಳಿಯ ತಟ್ಟೆಯೊಳಗೆ ತಲೆ ಹುದುಗಿಸಿದ. ಮಗಳು, "ಅಮ್ಮ, ಅವರು ಹೇಳೋದು ನಿನ್ನ ಒಳ್ಳೇದಕ್ಕೇ ತಾನೇ," ಎಂದಳು. ಮೊಳೆಯಕ್ಕನಿಗೆ ಬೀಗಿತ್ತಿಯ ಮಾತು ಚುಚ್ಚಲಿಲ್ಲ, ಮಗಳ ಈ ಮಾತು ಚುಚ್ಚಿತು. ಸಿಟ್ಟಿನ ಭರದಲ್ಲಿ ಎದ್ದು ನಿಂತು, "ಇನ್ನೊಂದು ಸಲ ಬಿದ್ರೆ ಅಂಗಡಿ ಮುಚ್ತೀನಿ, ಹೋಗಿ!" ಎಂದುಬಿಟ್ಟಳು. ಯಾರೂ ಬೇಡ ಎನ್ನಲಿಲ್ಲ.

ಅಂದಿನಿಂದ ಅವಳು ಒಂದು ಮೊಳೆಯನ್ನೂ ಬಾಯಿಗೆ ಹಾಕಿರಲಿಲ್ಲ. ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಬಟ್ಟೆ ಬಿಟ್ಟು, ಮೊಳೆ ಹೆಕ್ಕಿ, ಮತ್ತೆ ಬಟ್ಟೆ ಎಳೆದು, ಅಷ್ಟರಲ್ಲಿ ನೆರಿಗೆ ಬಿದ್ದು, ಬಿಚ್ಚಿ ಮತ್ತೆ ಮೊದಲಿನಿಂದ. ಕೆಲಸ ಆಮೆಯ ಹಾಗೆ ತೆವಳಿತು. ಹೊದಿಸಿ ಮುಗಿಸಿದ ಕುರ್ಚಿಯ ಮೇಲೆ ಅಂಗೈ ಆಡಿಸಿದಾಗ ಸಿಗುತ್ತಿದ್ದ ಆ ಬಿಗಿ, ಆ ಖುಷಿ ಕೈಗೆ ಸಿಗಲಿಲ್ಲ. ಆದರೂ ತುಟಿ ಪಿಟಕ್ಕೆನ್ನದೆ ಸಹಿಸಿದಳು. ಮೊಳೆ ಬಿಟ್ಟೂ ಬಿದ್ದರೆ ಮೊಳೆಯ ತಪ್ಪಲ್ಲ ಎಂದಾಯಿತಲ್ಲ, ಅದು ಅವಳ ಲೆಕ್ಕ.

ಈಗ ಬಿದ್ದಿತ್ತು. ಆದರೆ ಹೇಳಿದರೆ ನಂಬುವವರು ಯಾರು? ಮುದುಕಿ ಕದ್ದು ಮೊಳೆ ಕಚ್ಚಿದ್ದಾಳೆ ಎನ್ನುತ್ತಾರೆ. ಮುಂದಿನದು ಅವಳ ಕಣ್ಣಿಗೆ ಕಟ್ಟಿತು: ಗೋಡೆ ಒಡೆಯುತ್ತಾರೆ, ಸುತ್ತಿಗೆಗಳನ್ನು ಯಾರಿಗೋ ಕೊಡುತ್ತಾರೆ, ಅವಳು ಮಹಡಿಯಲ್ಲಿ ಬೀಗಿತ್ತಿಯ ಪಕ್ಕ ಕೂತು, ಯಾರದೋ ಮನೆಯ ಅತ್ತೆ ಸೊಸೆಯರು ಟಿವಿಯಲ್ಲಿ ಜಗಳವಾಡುವುದನ್ನು ನೋಡುತ್ತಾ ಕೂರುತ್ತಾಳೆ. ಅದರ ಬದಲು ಸಾಯುವುದೇ ಮೇಲು ಅನ್ನಿಸಿತು. ಆದರೆ ಸಾಯುವುದು ಅವಳ ಸ್ವಭಾವದಲ್ಲಿ ಇರಲಿಲ್ಲ. ಕ್ಯಾಪನ್ನು ತೊಳೆದು ಕರವಸ್ತ್ರದಲ್ಲಿ ಗಂಟು ಕಟ್ಟಿ, ಅಂಗಡಿಯ ಬಾಗಿಲು ಎಳೆದುಕೊಂಡು, ಕ್ಲಿನಿಕ್ಕಿನ ಎದುರಿನಿಂದ ಹೋಗದೆ ಹಿಂದಿನ ಓಣಿ ಹಿಡಿದು, ಎರಡು ಬೀದಿ ಆಚೆಗಿನ ಇನ್ನೊಬ್ಬ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದಳು. ಮನೆಯಲ್ಲೇ ಡಾಕ್ಟರನ್ನು ಇಟ್ಟುಕೊಂಡು ಬೇರೆಯವರ ಮೆಟ್ಟಿಲು ಹತ್ತುವುದು ಸಣ್ಣ ಸಂಗತಿಯಲ್ಲ. ಗೊತ್ತಾದರೆ ಆಗಲಿ ಎಂದುಕೊಂಡಳು.

ಡಾಕ್ಟರಮ್ಮ ದಪ್ಪ ಕನ್ನಡಕದವಳು, ಮಾತಿಗೆ ಮುಂಚೆ ಕೈ ಚಾಚುವವಳು. ಕ್ಯಾಪನ್ನು ಇಸಿದುಕೊಂಡು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಏನು ತಿಂದ್ರಿ ಅಂತ ಕೇಳಲ್ವಾ?" ಎಂದಳು ಮೊಳೆಯಕ್ಕ. ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದಳು.

"ಏನು ತಿಂದ್ರಿ?"

"ಬಾಳೆಹಣ್ಣು."

"ಸರಿಯಾಗಿ ಕೂತ ಕ್ಯಾಪು ಬಾಳೆಹಣ್ಣಿಗೆ ಬೀಳಲ್ಲಮ್ಮ. ಅದು ಒಳಗೊಳಗೇ ಎಂದೋ ಬಿಟ್ಟಿರುತ್ತೆ. ಕೊನೇಲಿ ಕೈಗೆ ಸಿಕ್ಕಿದ್ದರ ಮೇಲೆ ತಪ್ಪು ಹೊರಿಸ್ತೀವಿ, ಅಷ್ಟೇ. ಬಾಯಿ ತೆಗೀರಿ."

ಅಕ್ಕ ಬಾಯಿ ತೆರೆದಳು. ಡಾಕ್ಟರಮ್ಮ ಕನ್ನಡಿ ಇಟ್ಟು, ಕಡ್ಡಿಯಿಂದ ಮುಟ್ಟಿ, ತನ್ನಷ್ಟಕ್ಕೆ ಮಾತಾಡುವವಳಂತೆ ಹೇಳುತ್ತಾ ಹೋದಳು. ಒಳಗಿನ ಹಲ್ಲು ಹುಳುಕು ಹಿಡಿದು ಕರಗಿದ್ದರೆ ಕ್ಯಾಪು ಬೀಳುತ್ತದೆ, ಆದರೆ ಇಲ್ಲಿ ಹುಳುಕಿಲ್ಲ. ಉಳಿದ ಮೋಟುಹಲ್ಲು ತೀರಾ ಗಿಡ್ಡವಾದರೆ ಹಿಡಿತ ಸಿಗದೆ ಬೀಳುತ್ತದೆ, ಇದು ಚೆನ್ನಾಗಿಯೇ ಇದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರದೂ ಬೀಳುತ್ತದೆ. ಕಡಿಯುವ ಗುರುತು ಇಲ್ಲ.

"ಮೊಳೆ?" ಎಂದಳು ಅಕ್ಕ. ಜೇಬಿನಿಂದ ನಾಲ್ಕಾರು ಮೊಳೆ ತೆಗೆದು ಬಾಯಿಗೆ ಹಾಕಿಕೊಂಡು, ಒಂದನ್ನು ತುಟಿಗೆ ತಂದು ತೋರಿಸಿಯೂ ಬಿಟ್ಟಳು. ಡಾಕ್ಟರಮ್ಮ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ, ತೆಗೀರಿ ಆಚೆಗೆ! ನುಂಗಿಬಿಟ್ರೆ ಏನು ಗತಿ? ಮುಂದಿನ ಹಲ್ಲಿನ ಅಂಚೂ ಸವೆದಿದೆ ನೋಡಿ. ನನ್ನನ್ನ ಕೇಳಿದ್ರೆ ಬಿಡಿ ಅಂತಲೇ ಹೇಳೋದು." ಮತ್ತೆ ಸ್ವಲ್ಪ ಯೋಚಿಸಿ ಹೇಳಿದಳು: "ಆದ್ರೆ ಹಿಂದಿನ ಹಲ್ಲಿನ ಕ್ಯಾಪು ಬಿದ್ದಿದ್ದಕ್ಕೂ ಮೊಳೆಗೂ ಸಂಬಂಧ ಇಲ್ಲ. ಇದು ಬೇರೆ ಕಥೆ."

ಕ್ಯಾಪಿನ ಒಳಭಾಗವನ್ನು ದೀಪಕ್ಕೆ ಹಿಡಿದಳು. "ಸಿಮೆಂಟು ಪೂರ್ತಿ ಇಲ್ಲೇ ಕ್ಯಾಪಿನೊಳಗೆ ಉಳ್ಕೊಂಡಿದೆ. ಹಲ್ಲಿಗೆ ಚೂರೂ ಅಂಟಿಲ್ಲ. ಅಂದ್ರೆ ಹಾಕೋ ಹೊತ್ತಲ್ಲಿ ಹಲ್ಲು ಒಣಗಿರಲಿಲ್ಲ, ಎಂಜಲು ತಾಗಿದೆ. ಬಾಯಿ ಪೂರ್ತಿ ತೆಗೆದು ಇಟ್ಕೊಂಡಿರಲಿಲ್ವಾ?"

ಇಟ್ಟುಕೊಂಡಿರಲಿಲ್ಲ, ನಿಜ. ಅಳಿಯನ ಎದುರು ಗವಿಯಂತೆ ಬಾಯಿ ತೆರೆದು ಮಲಗುವುದು ಹೇಗೆ? ಅವನು ಒಂದು ಕ್ಷಣ ಆಚೆ ತಿರುಗಿದರೆ ಸಾಕು, ಅವಳು ಬಾಯಿ ಮುಚ್ಚಿಬಿಡುತ್ತಿದ್ದಳು. ಅವನೂ "ಸಾಕು ಸಾಕು ಅತ್ತೆ, ಅಷ್ಟೇ ತೆಗೀರಿ" ಎನ್ನುತ್ತಿದ್ದ.

"ಇನ್ನೊಂದು ನೋಡಿ. ಮೇಲೆ ಇಲ್ಲಿ ಮಾತ್ರ ಹೊಳೀತಿದೆ. ಕಚ್ಚಿದಾಗ ಬಾಯಲ್ಲಿರೋ ಎಲ್ಲಾ ಹಲ್ಲಿಗಿಂತ ಮೊದಲು ಇದೇ ತಾಗ್ತಾ ಇದೆ. ಒಂದೊಂದು ತುತ್ತಿಗೂ ಏಟು ತಿಂದಿದೆ ಪಾಪ. ಹಾಕಿದವರು ಎತ್ತರ ಅನ್ನಿಸುತ್ತಾ ಅಂತ ಕೇಳಲಿಲ್ವಾ?"

"ಕೇಳಿದ್ರು. ಗುರುತು ಬೀಳೋ ನೀಲಿ ಕಾಗದ ಇಟ್ಟು ಕಚ್ಚಿ ಅಂದ್ರು. ಅವರ ಬೆರಳು ಎಲ್ಲಿ ಸಿಕ್ಕಿಬೀಳುತ್ತೋ ಅಂತ ನಾನು ಮೆಲ್ಲಗೆ ಕಚ್ಚಿದೆ."

"ಎತ್ತರ ಇದೆಯಾ ಅಂದಿದ್ದಕ್ಕೆ ಏನು ಹೇಳಿದ್ರಿ?"

"ಚೆನ್ನಾಗಿದೆ ಅಂದೆ."

"ಚೆನ್ನಾಗಿತ್ತಾ?"

"ಬಾಯಲ್ಲಿ ಕಲ್ಲು ಸಿಕ್ಕಿಸಿದ ಹಾಗಿತ್ತು!"

"ಮತ್ತೆ ಯಾಕಮ್ಮ ಹಾಗೆ ಹೇಳಿದ್ರಿ?"

"ಅವರು ನಮ್ಮ ಅಳಿಯ," ಎಂದಳು ಮೊಳೆಯಕ್ಕ.

ಡಾಕ್ಟರಮ್ಮ ಒಂದು ಗಳಿಗೆ ಅವಳ ಮುಖ ನೋಡಿ, ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕನಿಗೂ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಪ್ರತಿ ಸಲವೂ ಅವನು ಕೇಳಿದ್ದ, ಪ್ರತಿ ಸಲವೂ ಇವಳು ಚೆನ್ನಾಗಿದೆ ಎಂದಿದ್ದಳು. ಅಳಿಯ ಮಾಡಿದ ಕೆಲಸಕ್ಕೆ ಕುಂದು ಹೇಳಬಾರದು ಎಂಬ ಒಂದೇ ಮರ್ಯಾದೆಗೆ ಬಾಯಲ್ಲಿ ಕಲ್ಲು ಹೊತ್ತು ತಿರುಗಿದ್ದಳು. ಆ ಮರ್ಯಾದೆಯ ಫಲವಾಗಿ ಈಗ ಅಂಗಡಿಯೇ ಹೋಗುವುದರಲ್ಲಿತ್ತು.

"ಕೂತ್ಕೊಳ್ಳಿ," ಎಂದಳು ಡಾಕ್ಟರಮ್ಮ. "ಸ್ವಲ್ಪ ತೇಯ್ದು, ಒಣಗಿಸಿ, ಈಗಲೇ ಕೂರಿಸಿಕೊಡ್ತೀನಿ. ಬಿದ್ದಿತ್ತು ಅಂತಲೇ ಯಾರಿಗೂ ಗೊತ್ತಾಗಲ್ಲ."

ಎಂಥ ಮಾತು! ಕ್ಯಾಪು ಕೂರುತ್ತದೆ, ಅಂಗಡಿ ಉಳಿಯುತ್ತದೆ, ಮನೆಯಲ್ಲಿ ಯಾರ ಮುಖವೂ ಸಣ್ಣದಾಗುವುದಿಲ್ಲ. ಅಕ್ಕ ಕುರ್ಚಿಗೆ ಒರಗಿದಳು, ಬಾಯಿಯನ್ನೂ ತೆರೆದಳು. ಡಾಕ್ಟರಮ್ಮ ದೀಪ ಹತ್ತಿರ ಎಳೆದುಕೊಂಡಳು. ಅಷ್ಟರಲ್ಲಿ ಬಾಯಿ ತಟ್ಟನೆ ಮುಚ್ಚಿಕೊಂಡಿತು.

ಗೊತ್ತಾಗದೇ ಹೋದರೆ ಮೊಳೆಯ ಮೇಲಿನ ಅಪವಾದ ಹಾಗೆಯೇ ಉಳಿಯುತ್ತದೆ. ನಾಳೆ ಇನ್ನೊಂದು ಹಲ್ಲು ನೋಯುತ್ತದೆ, ಮೊಳೆ ಎನ್ನುತ್ತಾರೆ. ಬೆನ್ನು ಹಿಡಿದರೆ ಸುತ್ತಿಗೆ ಎನ್ನುತ್ತಾರೆ. ಕೆಮ್ಮಿದರೆ ಸೋಫಾದ ಧೂಳು ಎನ್ನುತ್ತಾರೆ. ತನ್ನ ಕೆಲಸವನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಂಡು ಎಷ್ಟು ದಿನ ಬದುಕುವುದು? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಬೇಡಮ್ಮ," ಎಂದು ಕುರ್ಚಿಯಿಂದ ಇಳಿದಳು. "ಹಾಕಿದವರೇ ಹಾಕ್ಲಿ."

ಬರುವಾಗ ಹಿಂದಿನ ಓಣಿ ಹಿಡಿಯಲಿಲ್ಲ. ದೊಡ್ಡ ರಸ್ತೆಯಲ್ಲೇ ಬೀಸುಗಾಲು ಹಾಕಿಕೊಂಡು ಬಂದು ಅಳಿಯನ ಕ್ಲಿನಿಕ್ಕಿನ ಮುಂಬಾಗಿಲಿಂದಲೇ ಒಳಗೆ ನುಗ್ಗಿದಳು. ಬೆಂಚಿನ ಮೇಲೆ ಕೆನ್ನೆ ಊದಿದ ನಾಲ್ಕೈದು ಜನ ಕೂತಿದ್ದರು. ಫ್ಯಾನಿನ ನೇರ ಕೆಳಗೆ ಎಂದಿನಂತೆ ಬೀಗಿತ್ತಿ ಪತ್ರಿಕೆ ತಿರುವಿ ಹಾಕುತ್ತಿದ್ದಳು. ಅಕ್ಕ ಕರವಸ್ತ್ರದ ಗಂಟು ಬಿಚ್ಚಿ ಕೌಂಟರಿನ ಮೇಲೆ ಮಗಳ ಎದುರು ಕ್ಯಾಪು ಇಟ್ಟಳು.

"ಬಿತ್ತಾ?" ಎಂದಳು ಬೀಗಿತ್ತಿ. ಪತ್ರಿಕೆ ಮಡಿಚಿದ ವೇಗದಲ್ಲೇ ಅವಳ ಸಂತೋಷ ಗೊತ್ತಾಗುತ್ತಿತ್ತು.

"ಬಿತ್ತು."

"ಹಾಗಾದ್ರೆ ನೀವು ಅವತ್ತು ಆಡಿದ ಮಾತು…"

"ಅದನ್ನ ವಾಪಸ್ ತಗೊಂಡಿದ್ದೀನಿ."

"ಆಡಿದ ಮಾತನ್ನ ವಾಪಸ್ ತಗೊಳ್ಳೋದು ಅಂತ ಉಂಟಾ, ಬೀಗಿತ್ತಿ?"

"ಉಂಟು. ಗೊತ್ತಿಲ್ಲದೆ ಆಡಿದ್ದೆ, ಈಗ ಗೊತ್ತಾಯ್ತು. ನೀವೂ ಬನ್ನಿ ಒಳಗೆ, ಕೇಳಿಸ್ಕೊಳ್ಳಿ."

ಒಳಗೆ ಅಳಿಯ ಆಗಷ್ಟೇ ಒಬ್ಬರನ್ನು ಕಳಿಸಿ ಕೈ ತೊಳೆಯುತ್ತಿದ್ದ. ಅತ್ತೆ ಕರೆಯದೆ ಬಂದು ಕುರ್ಚಿಯಲ್ಲಿ ಕೂತದ್ದನ್ನು ಅವನು ಕಂಡದ್ದು ಅದೇ ಮೊದಲು. ಹಿಂದೆಯೇ ಮಗಳು, ಬಾಗಿಲಲ್ಲಿ ಬೀಗಿತ್ತಿ, ಅವಳ ಹೆಗಲಾಚೆ ಕುತೂಹಲ ತಡೆಯದ ಒಂದು ಊದಿದ ಕೆನ್ನೆ.

"ಅಳಿಯಂದಿರೇ, ನಾನು ಸುಳ್ಳು ಹೇಳಿದ್ದೆ," ಎಂದಳು ಮೊಳೆಯಕ್ಕ.

ಅಳಿಯನ ಮುಖದಲ್ಲಿ ಸಣ್ಣಗೆ ಗೆಲುವು ಕಂಡಿತು. "ಮೊಳೆ ಕಚ್ಚಿದ್ರಾ?"

"ಬೀಳೋವರೆಗೂ ಮೊಳೆ ಕಚ್ಚಿಲ್ಲ. ಎತ್ತರ ಇದೆಯಾ ಅಂತ ನೀವು ಕೇಳಿದಾಗೆಲ್ಲ ಚೆನ್ನಾಗಿದೆ ಅಂದ್ನಲ್ಲ, ಅದು ಸುಳ್ಳು. ಮೊದಲನೇ ದಿನದಿಂದ ಎತ್ತರವೇ ಇತ್ತು. ಎರಡು ಬೀದಿ ಆಚೆ ಡಾಕ್ಟರಮ್ಮನ ಹತ್ರ ತೋರಿಸ್ಕೊಂಡು ಬಂದಿದ್ದೀನಿ. ಹಲ್ಲು ಒಣಗೋ ಮುಂಚೆ ಸಿಮೆಂಟು ಹಾಕಿದ್ದಾರೆ ಅಂತಲೂ ಅಂದ್ರು."

"ಬೇರೆ ಡಾಕ್ಟರ ಹತ್ರ ಹೋಗಿದ್ರಾ!" ಬೀಗಿತ್ತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಯಾರೂ ಅವಳ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಅಳಿಯ ಕ್ಯಾಪನ್ನು ಕೈಗೆ ತೆಗೆದುಕೊಂಡು ಒಳಗೆ ನೋಡಿದ, ಮೇಲೆ ನೋಡಿದ. ಅವನು ಕಲಿತವನು, ಕಂಡದ್ದನ್ನು ಇಲ್ಲ ಎನ್ನುವವನಲ್ಲ. ಕಿವಿ ಕೆಂಪಾಯಿತು. "ಎತ್ತರ ಇದೆ ಅಂತ ಯಾಕೆ ಹೇಳಲಿಲ್ಲ, ಅತ್ತೆ?"

"ಬಾಯಿ ದೊಡ್ಡದಾಗಿ ತೆಗೀರಿ, ಮುಚ್ಚಬೇಡಿ ಅಂತ ನೀವ್ಯಾಕೆ ಹೇಳಲಿಲ್ಲ? ಬೇರೆಯವರಿಗಾದ್ರೆ ಗದರಿಸಿ ಹೇಳ್ತೀರಿ. ಗೋಡೆ ಆಚೆ ನನಗೆ ಕೇಳಿಸುತ್ತೆ."

"ಅದು… ನಿಮಗೆ ಹೇಗೆ ಹೇಳೋದು, ಅತ್ತೆ."

"ನಂದೂ ಅದೇ ಕಥೆ. ಇವತ್ತು ಅತ್ತೆ ಅಳಿಯ ಎಲ್ಲ ಆ ಬಾಗಿಲ ಆಚೆ ಇರ್ಲಿ. ಹಾಕಿ, ನೋಡೋಣ."

ಮಗಳು ಬಂದು ಎಂಜಲು ಎಳೆಯುವ ಕೊಳವೆ ಹಿಡಿದಳು. ಅಳಿಯ ಮೊದಲು ಗಂಟಲು ಸರಿಮಾಡಿಕೊಂಡ, ಆಮೇಲೆ ಹೇಳಿದ: "ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ. ಇನ್ನೂ." ಮೂರನೆಯ 'ಇನ್ನೂ' ನಿಜವಾಗಿ ಡಾಕ್ಟರರದೇ ಆಗಿತ್ತು. ಕ್ಯಾಪನ್ನು ಸಿಮೆಂಟು ಹಾಕದೆ ಸುಮ್ಮನೆ ಕೂರಿಸಿ ನೀಲಿ ಕಾಗದ ಇಟ್ಟು ಕಚ್ಚಿ ಎಂದ. ಅಕ್ಕ ದವಡೆಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಕಚ್ಚಿದಳು. ಅವನ ಬೆರಳೂ ಸಿಕ್ಕಿತು, ಅಯ್ಯಪ್ಪಾ ಎಂದು ಕೈ ಕೊಡವಿದ. ಅವಳು ಕ್ಷಮೆ ಕೇಳಲಿಲ್ಲ.

"ಎತ್ತರ," ಎಂದಳು.

ತೇಯ್ದ. "ಇನ್ನೂ ಎತ್ತರ." ಮತ್ತೆ ತೇಯ್ದ. "ಈ ಮೂಲೇಲಿ." ಮತ್ತೆ ತೇಯ್ದ. "ಸಾಲದು." ಅವನ ಹಣೆಯಲ್ಲಿ ಬೆವರು ಮೂಡಿತು. ಬೀಗಿತ್ತಿ, "ಎಷ್ಟು ಅಂತ ಸತಾಯಿಸ್ತೀರಿ ಅವನನ್ನ," ಎಂದು ಶುರುಮಾಡಿದಳು. "ಅಮ್ಮ, ಸುಮ್ನಿರು. ಅವರು ಹೇಳ್ಲಿ," ಎಂದ ಅಳಿಯ. ತಾಯಿಗೆ ಅವನು ಹಾಗೆ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೊನೆಗೊಮ್ಮೆ ಅಕ್ಕ ಕಚ್ಚಿದಳು, ಇನ್ನೊಮ್ಮೆ ಕಚ್ಚಿದಳು. ಮೇಲಿನ ಹಲ್ಲು ಕೆಳಗಿನ ಹಲ್ಲು ಎಲ್ಲ ಒಟ್ಟಿಗೆ ಸೇರಿದವು, ಕಲ್ಲು ಹೋಗಿತ್ತು. ತಲೆಯಾಡಿಸಿದಳು. ಅವನು ಹತ್ತಿ ಇಟ್ಟು, ಗಾಳಿ ಊದಿ ಒಣಗಿಸಿ, ಸಿಮೆಂಟು ಹಾಕಿ ಕೂರಿಸಿ, ಗಟ್ಟಿಯಾಗುವವರೆಗೆ ಹತ್ತಿಯುಂಡೆ ಕಚ್ಚಿ ಹಿಡಿದಿರಲು ಹೇಳಿದ.

ಅವಳ ಬಾಯಿ ಕಟ್ಟಿದ ಆ ಹೊತ್ತಿನಲ್ಲಿ ಅವನು ಕೈಗವಸು ಕಳಚುತ್ತಾ ಮೆಲ್ಲಗೆ ಹೇಳಿದ: "ಮೊಳೆಯಿಂದ ಅಲ್ಲ. ನಾನು ಸರಿಯಾಗಿ ನೋಡದೆ ಹೇಳಿದೆ."

ಅಕ್ಕ ಕೈ ಮೇಲೆತ್ತಿ ಜೋರಾಗಿ ಎಂಬಂತೆ ಸನ್ನೆ ಮಾಡಿದಳು. ಅವನು ಬಾಗಿಲ ಕಡೆ ತಿರುಗಿ ಇನ್ನೊಮ್ಮೆ ಹೇಳಿದ, ಬೆಂಚಿನವರೆಗೆ ಕೇಳಿಸುವಂತೆ. ಬೀಗಿತ್ತಿ ಕೈಯಲ್ಲಿದ್ದ ಪತ್ರಿಕೆಯನ್ನು ಮತ್ತೆ ಬಿಡಿಸಿದಳು.

ಹತ್ತಿ ತೆಗೆದ ಮೇಲೂ ಮೊಳೆಯಕ್ಕ ಕುರ್ಚಿಯಿಂದ ಏಳಲಿಲ್ಲ. "ಇನ್ನೊಂದು ಮಾತಿದೆ. ನಿಮಗೆ ನನ್ನ ಕೋಣೆ ಬೇಕು."

"ಛೆ, ಹಾಗೇನಿಲ್ಲ ಅತ್ತೆ. ಈಗಿರೋದೇ ಚೆನ್ನಾಗಿದೆ…"

"ನೋಡಿ, ಈಗ ನೀವು ಚೆನ್ನಾಗಿದೆ ಅಂತೀರಿ. ನನ್ನ ಹಲ್ಲಿನ ಹಿಂದೆ ನಿಂತ್ಕೊಂಡು ಕೋಣೆ ಕೇಳಬೇಡಿ, ಅಳಿಯಂದಿರೇ. ನನ್ನ ಬೆನ್ನು, ನನ್ನ ವಯಸ್ಸು, ನನ್ನ ಒಳ್ಳೇದು, ಅದ್ಯಾವುದರ ಹಿಂದೇನೂ ನಿಂತ್ಕೋಬೇಡಿ. ಬೇಕಾದ್ರೆ ಮುಖ ನೋಡಿ ಕೇಳಿ."

ಮಗಳ ಕೈಯಲ್ಲಿ ಕೊಳವೆ ಸುಮ್ಮನೆ ಗಾಳಿ ಹೀರುತ್ತಿತ್ತು. ಅದನ್ನು ಆರಿಸಿ, "ಕೇಳಿ," ಎಂದಳು ಅವಳೂ ಗಂಡನಿಗೆ.

ಅಳಿಯ ಗೋಡೆಯತ್ತ ಹೊರಟಿದ್ದ ಕಣ್ಣನ್ನು ಎಳೆದು ತಂದು ಅತ್ತೆಯ ಮುಖದ ಮೇಲೆ ನಿಲ್ಲಿಸಿದ. "ಅತ್ತೆ, ನನಗೆ ಆ ಕೋಣೆ ಬೇಕು. ಇನ್ನೊಂದು ಕುರ್ಚಿ ಹಾಕಬೇಕು ಅಂತ ಬಹಳ ಆಸೆ. ಕೊಡ್ತೀರಾ?"

ಎಷ್ಟು ಚೆನ್ನಾಗಿ ಕೇಳಿದ! ಮೊಳೆಯಕ್ಕನಿಗೆ ಅವನ ಮೇಲೆ ಒಮ್ಮೆಗೇ ಪ್ರೀತಿ ಉಕ್ಕಿತು, ನಿಜವಾದ ಪ್ರೀತಿ. ಕುರ್ಚಿಯಿಂದ ಇಳಿದು, ಬಾಯಿ ಒರೆಸಿಕೊಂಡು, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಕೊಡಲ್ಲ," ಎಂದಳು.